ಅರ್ಧ ಉಳಿದರೆ ಏನೂ ಉಳಿಯದು

ಕಳೆದ ರಮಝಾನ್‌ಗೆ ಮೊದಲಿನ ಮಾತು. ಮಗ್ರಿಬ್ ನಮಾಝ್ ಮುಗಿಸಿ ಮನೆಗೆ ಬಂದು ಚಹಾದ ಲೋಟ ಕೈಗೆತ್ತಿಕೊಂಡಿದ್ದೆ ಅಷ್ಟೆ. ದೊಮ್ಮಲೂರಿನ ನಮ್ಮ ಓಣಿಯ ಕೊನೆಯ ಮನೆಯ ಖಾಲಾ ಬಾಗಿಲಲ್ಲಿ ನಿಂತಿದ್ದರು. ಹೊಲಿಗೆ ಯಂತ್ರ ತುಳಿದು ಇಬ್ಬರು ಮಕ್ಕಳನ್ನು ಓದಿಸಿದ ಹೆಂಗಸು. ಸುಮ್ಮನೆ ಯಾರ ಮನೆ ಬಾಗಿಲಿಗೂ ಹೋಗುವವರಲ್ಲ. ಅವರ ಹಿಂದೆ ಕಿರಿಯ ಮಗ ತಲೆ ತಗ್ಗಿಸಿ ನಿಂತಿದ್ದ. ಕೈಯಲ್ಲಿ ದಪ್ಪನೆಯ ಒಂದು ಲ್ಯಾಪ್‌ಟಾಪ್.

"ಹಜ್ರತ್, ಇವನು ಬೆಳಗ್ಗಿನಿಂದ ಅನ್ನ ಮುಟ್ಟಿಲ್ಲ. ಈ ಮೆಷಿನ್ ಮುಂದೆ ಕೂತು ಅಳುತ್ತಿದ್ದಾನೆ. ಏನಾಯಿತು ಅಂದರೆ ನನಗೆ ಅರ್ಥವಾಗುವ ಹಾಗೆ ಹೇಳುವುದಿಲ್ಲ. ನೀವಾದರೂ ನೋಡಿ" ಎಂದರು.

ಹುಡುಗ ಚಿಕ್ಕಂದಿನಲ್ಲಿ ನನ್ನ ಬಳಿಯೇ ಓದಿದವನು. ಈಗ ಮದುವೆಗಳ ವೀಡಿಯೋ ತೆಗೆಯುತ್ತಾನೆ. ಶಿವಾಜಿನಗರ, ಹಲಸೂರು, ಕೆ.ಆರ್. ಪುರ ಎಲ್ಲೇ ನಿಕಾಹ್ ಇದ್ದರೂ ಕ್ಯಾಮೆರಾ ಹೆಗಲಿಗೇರಿಸಿ ಹೊರಡುತ್ತಾನೆ. ರಾತ್ರಿ ಕೂತು ಅದನ್ನು ಕತ್ತರಿಸಿ, ಜೋಡಿಸಿ, ಮನೆಯವರಿಗೆ ಕೊಡುತ್ತಾನೆ. ಅದಕ್ಕಾಗಿ ಹದಿನೇಳು ಇಂಚಿನ ಹಳೆಯ ಲ್ಯಾಪ್‌ಟಾಪ್ ಒಂದನ್ನು ಕೊಂಡಿದ್ದ. ಅದರಲ್ಲಿ ಎರಡು ಹಾರ್ಡ್ ಡಿಸ್ಕ್ ಕೂರಿಸುವ ಜಾಗವಿತ್ತು. ಯಾರೋ ಗೆಳೆಯ ಹೇಳಿದನಂತೆ, "ಎರಡನ್ನೂ ಸೇರಿಸಿ ಒಂದು ಮಾಡು, ಜಾಗವೂ ದುಪ್ಪಟ್ಟು, ವೇಗವೂ ದುಪ್ಪಟ್ಟು" ಎಂದು. 500 ಜಿಬಿಯ ಎರಡು ಡಿಸ್ಕ್ ಸೇರಿ ಒಂದು ಸಾವಿರ ಜಿಬಿಯ ಒಂದೇ ಡ್ರೈವ್ ಆಯಿತು. ಒಂದು ವರ್ಷಕ್ಕೂ ಹೆಚ್ಚು ಕಾಲ ಎಲ್ಲವೂ ಸರಿಯಾಗಿ ನಡೆಯಿತು. ಅಂದು ಬೆಳಗ್ಗೆ ಒಳಗಿನಿಂದ ಟಿಕ್ ಟಿಕ್ ಎಂಬ ಸದ್ದು ಕೇಳಿಸಿತು. ಮತ್ತೆ ವಿಂಡೋಸ್ ಏಳಲೇ ಇಲ್ಲ.

ನಾನು ಲ್ಯಾಪ್‌ಟಾಪ್ ತೆರೆದು ನೋಡಿದೆ. ಎರಡು ಡಿಸ್ಕ್‌ಗಳಲ್ಲಿ ಒಂದು ಮಾತ್ರ ಕಾಣುತ್ತಿತ್ತು. ಜೋಡಣೆಯ ಮುಂದೆ "ಫೇಲ್ಡ್" ಎಂದು ಕೆಂಪಕ್ಷರದಲ್ಲಿ ಬರೆದಿತ್ತು.

ಆಗ ಅವನು ಒಂದು ಪ್ರಶ್ನೆ ಕೇಳಿದ. "ಹಜ್ರತ್, ಒಂದು ಡಿಸ್ಕ್ ಚೆನ್ನಾಗಿಯೇ ಇದೆಯಲ್ಲ? ಅರ್ಧ ವೀಡಿಯೋ ಆದರೂ ಸಿಗಬೇಕಲ್ಲ?"

ಸಿಗುವುದಿಲ್ಲ. ಯಾಕೆ ಸಿಗುವುದಿಲ್ಲ ಎಂಬುದನ್ನು ತಿಳಿಸುವುದಕ್ಕಾಗಿಯೇ ಈ ತಿಂಗಳ ಅಂಕಣ. ಕಂಪ್ಯೂಟರ್ ನಮ್ಮ ಮನೆಗಳ ಕಪಾಟು ಆಗಿಬಿಟ್ಟಿದೆ. ಮಕ್ಕಳ ಅಂಕಪಟ್ಟಿ, ಮನೆಯ ಕಾಗದಪತ್ರ, ಮದುವೆಯ ಚಿತ್ರ, ತೀರಿಕೊಂಡವರ ಮುಖ ಎಲ್ಲವೂ ಅದರಲ್ಲೇ ಇವೆ. ಕಪಾಟಿನ ಬೀಗ ಹೇಗಿದೆ ಎಂಬುದು ಮನೆಯವರಿಗೆ ಗೊತ್ತಿರಬೇಡವೇ?

ಪದ ಬಿಟ್ಟು ಪದ ಬರೆದ ಪತ್ರ

ನೀವು ಒಂದು ಪತ್ರ ಬರೆಯುತ್ತೀರಿ ಎಂದುಕೊಳ್ಳಿ. ಎದುರಿಗೆ ಎರಡು ಹಾಳೆಗಳಿವೆ. ಮೊದಲ ಪದವನ್ನು ಎಡಗಡೆಯ ಹಾಳೆಯಲ್ಲಿ, ಎರಡನೆಯ ಪದವನ್ನು ಬಲಗಡೆಯ ಹಾಳೆಯಲ್ಲಿ, ಮೂರನೆಯದನ್ನು ಮತ್ತೆ ಎಡಗಡೆಯಲ್ಲಿ, ಹೀಗೆ ಬರೆಯುತ್ತಾ ಹೋಗುತ್ತೀರಿ. ಎರಡೂ ಹಾಳೆ ಪಕ್ಕ ಪಕ್ಕ ಇಟ್ಟು ಓದಿದರೆ ಪತ್ರ ಪೂರ್ತಿ. ಒಂದು ಹಾಳೆ ಒಲೆಗೆ ಬಿತ್ತು ಎಂದುಕೊಳ್ಳಿ. ಉಳಿದ ಹಾಳೆಯಲ್ಲಿ ಅರ್ಧ ಪತ್ರ ಇದೆಯೇ? ಇಲ್ಲ. ಅಲ್ಲಿರುವುದು ಅರ್ಥವಿಲ್ಲದ ಪದಗಳ ರಾಶಿ.

ಡಿಸ್ಕ್‌ಗಳನ್ನು ಹೀಗೆ ಜೋಡಿಸುವುದನ್ನು ಸ್ಟ್ರೈಪಿಂಗ್ ಎನ್ನುತ್ತಾರೆ, ಅಂದರೆ ಪಟ್ಟಿ ಪಟ್ಟಿಯಾಗಿ ಹಂಚುವುದು. ಒಂದು ಪಟ್ಟಿಯ ಅಳತೆ 128 ಕೆಬಿ ಎಂದಿಟ್ಟರೆ, 4 ಎಂಬಿಯ ಒಂದು ಫೋಟೋ 32 ತುಂಡುಗಳಾಗುತ್ತದೆ. ಅದರಲ್ಲಿ 16 ಈ ಡಿಸ್ಕ್‌ಗೆ, 16 ಆ ಡಿಸ್ಕ್‌ಗೆ. 2 ಜಿಬಿಯ ವೀಡಿಯೋ ಆದರೆ ಹದಿನಾರು ಸಾವಿರಕ್ಕೂ ಹೆಚ್ಚು ತುಂಡು. ಯಾವ ಫೈಲ್ ಎಲ್ಲಿದೆ ಎಂದು ಹೇಳುವ ಪಟ್ಟಿಯೂ ಹೀಗೆಯೇ ಹರಿದು ಹಂಚಿಹೋಗಿರುತ್ತದೆ. ಹಾಗಾಗಿ ಒಂದು ಡಿಸ್ಕ್ ಸತ್ತರೆ, ಬದುಕಿರುವ ಇನ್ನೊಂದರಲ್ಲಿ ಚಿಕ್ಕಪುಟ್ಟ ಫೈಲ್ ಎಲ್ಲಾದರೂ ಒಂದೆರಡು ಇಡಿಯಾಗಿ ಸಿಕ್ಕೀತೇ ಹೊರತು ಫೋಟೋ, ವೀಡಿಯೋ ಸಿಗುವುದಿಲ್ಲ.

ಹಾಗಾದರೆ ಜನ ಇದನ್ನು ಯಾಕೆ ಮಾಡುತ್ತಾರೆ? ವೇಗಕ್ಕಾಗಿ. ಇಬ್ಬರು ಸೇರಿ ಅಕ್ಕಿ ಮೂಟೆ ಇಳಿಸಿದರೆ ಕೆಲಸ ಬೇಗ ಮುಗಿಯುವಂತೆ, ಎರಡು ಡಿಸ್ಕ್ ಒಟ್ಟಿಗೆ ಓದುತ್ತವೆ, ಒಟ್ಟಿಗೆ ಬರೆಯುತ್ತವೆ. ಲ್ಯಾಪ್‌ಟಾಪ್‌ನ ತಿರುಗುವ ಹಾರ್ಡ್ ಡಿಸ್ಕ್ ಒಂದು ಸೆಕೆಂಡಿಗೆ ಸುಮಾರು 100 ಎಂಬಿ ಓದಬಲ್ಲದು. ಎರಡು ಸೇರಿದರೆ ದೊಡ್ಡ ವೀಡಿಯೋ ಫೈಲ್ ಓದುವಾಗ ಹೆಚ್ಚುಕಡಿಮೆ 200 ಎಂಬಿ. ಆದರೆ ಅಲ್ಲೊಂದು ಇಲ್ಲೊಂದು ಇರುವ ಸಣ್ಣ ಫೈಲ್‌ಗಳನ್ನು ಹುಡುಕಿ ತೆರೆಯುವ ಕೆಲಸದಲ್ಲಿ ಅಷ್ಟು ಲಾಭವಿಲ್ಲ.

ಸೊನ್ನೆಯ ಅರ್ಥ

ಇಂತಹ ಜೋಡಣೆಗಳಿಗೆ ರೇಡ್ ಎಂದು ಹೆಸರು. 1988ರಲ್ಲಿ ಅಮೆರಿಕದ ಬರ್ಕ್‌ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ‍್ಯಾಂಡಿ ಕಾಟ್ಜ್ ಎಂಬ ಮೂವರು ಒಂದು ಪ್ರಬಂಧ ಮಂಡಿಸಿದರು. ದುಬಾರಿಯಾದ ಒಂದು ದೊಡ್ಡ ಡಿಸ್ಕ್‌ನ ಬದಲು ಅಗ್ಗದ ಹಲವು ಚಿಕ್ಕ ಡಿಸ್ಕ್‌ಗಳನ್ನು ಸೇರಿಸಿ ಬಳಸಬಹುದು ಎಂಬುದು ಅವರ ವಾದ. ಆದರೆ ಡಿಸ್ಕ್ ಹೆಚ್ಚಾದಷ್ಟೂ ಯಾವುದಾದರೂ ಒಂದು ಕೆಡುವ ಸಂಭವವೂ ಹೆಚ್ಚು ಎಂದು ಅವರಿಗೆ ಗೊತ್ತಿತ್ತು. ಆದುದರಿಂದ ಹೆಚ್ಚುವರಿ ಮಾಹಿತಿಯನ್ನೂ ಬರೆದಿಟ್ಟು, ಒಂದು ಡಿಸ್ಕ್ ಹೋದರೂ ಉಳಿದವುಗಳಿಂದ ಎಲ್ಲವನ್ನೂ ಮರಳಿ ಪಡೆಯುವ ಐದು ವಿಧಾನಗಳನ್ನು ವಿವರಿಸಿದರು. ಅವುಗಳಿಗೆ 1ರಿಂದ 5ರವರೆಗೆ ಸಂಖ್ಯೆ ಕೊಟ್ಟರು.

ನಮ್ಮ ಹುಡುಗ ಮಾಡಿದ್ದು ರೇಡ್ 0. ಅದು ಆ ಮೂವರ ಪಟ್ಟಿಯಲ್ಲಿ ಇರಲೇ ಇಲ್ಲ. ಆಮೇಲೆ ಬಂದ ಹೆಸರು ಅದು. ಅದರಲ್ಲಿ ರಕ್ಷಣೆ ಎಂಬುದು ಸೊನ್ನೆ, ಅದಕ್ಕೆ ತಕ್ಕಂತೆ ಸಂಖ್ಯೆಯೂ ಸೊನ್ನೆ.

ಒಂದು ಚಿಕ್ಕ ಲೆಕ್ಕ ಹಾಕೋಣ. ವರ್ಷಕ್ಕೆ ನೂರು ಡಿಸ್ಕ್‌ಗಳಲ್ಲಿ ಐದು ಕೆಡುತ್ತವೆ ಎಂದು ಉದಾಹರಣೆಗೆ ಇಟ್ಟುಕೊಳ್ಳಿ. ಒಂದೇ ಡಿಸ್ಕ್ ಇರುವವನಿಗೆ ಅಪಾಯ ನೂರಕ್ಕೆ ಐದು. ಎರಡನ್ನು ಸ್ಟ್ರೈಪ್ ಮಾಡಿದವನಿಗೆ ನೂರಕ್ಕೆ ಹತ್ತಕ್ಕೆ ಸಮೀಪ, 9.75. ಯಾಕೆಂದರೆ ಯಾವುದು ಕೆಟ್ಟರೂ ಎರಡೂ ಕೆಟ್ಟಂತೆ. "ಎರಡು ಡಿಸ್ಕ್ ಇವೆ, ಹಾಗಾಗಿ ಒಂದು ಹೋದರೆ ಇನ್ನೊಂದಿದೆ" ಎಂದು ಧೈರ್ಯವಾಗಿರುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು.

ಹಾಗೆ ಧೈರ್ಯವಾಗಿರಬೇಕಾದರೆ ಮಾಡಬೇಕಾದುದು ರೇಡ್ 1. ಅದಕ್ಕೆ ಮಿರರ್, ಅಂದರೆ ಕನ್ನಡಿ ಎನ್ನುತ್ತಾರೆ. ಅದರಲ್ಲಿ ಎರಡು ಡಿಸ್ಕ್‌ಗಳಲ್ಲೂ ಒಂದೇ ಮಾಹಿತಿ ಇಡಿಯಾಗಿ ಇರುತ್ತದೆ. ಮದ್ರಸಾದ ಹುಡುಗರಿಗೆ ನಾನು ಇದನ್ನು ಹೀಗೆ ಹೇಳುತ್ತೇನೆ: ಮೂವತ್ತು ಜನ ಸೇರಿ ತಲಾ ಒಂದು ಜುಝ್‌ನಂತೆ ಕುರ್‌ಆನ್ ಕಂಠಪಾಠ ಮಾಡಿದರೆ ಕೆಲಸ ಬೇಗ ಮುಗಿದೀತು. ಆದರೆ ಒಬ್ಬ ಊರಿಗೆ ಹೋದರೆ ಆ ಭಾಗ ಖಾಲಿ. ಒಬ್ಬೊಬ್ಬ ಹಾಫಿಝ್ ಇಡೀ ಕುರ್‌ಆನನ್ನು ಎದೆಯಲ್ಲಿಟ್ಟುಕೊಂಡರೆ ಯಾರು ಎಲ್ಲಿಗೆ ಹೋದರೂ ಏನೂ ಕಡಿಮೆಯಾಗುವುದಿಲ್ಲ. ಹಂಚಿಕೊಂಡದ್ದು ಮೊದಲನೆಯದು, ಪ್ರತಿ ಇಟ್ಟದ್ದು ಎರಡನೆಯದು.

ಆದರೆ ಕನ್ನಡಿಯೂ ಬ್ಯಾಕಪ್ ಅಲ್ಲ. ಕೈತಪ್ಪಿ ಒಂದು ಫೋಲ್ಡರ್ ಅಳಿಸಿದರೆ ಎರಡೂ ಡಿಸ್ಕ್‌ನಿಂದ ಅದೇ ಕ್ಷಣ ಅಳಿದುಹೋಗುತ್ತದೆ. ವೈರಸ್ ಬಂದರೆ ಎರಡಕ್ಕೂ. ಲ್ಯಾಪ್‌ಟಾಪ್ ಬಸ್ಸಿನಲ್ಲಿ ಕಳುವಾದರೆ ಎರಡೂ ಒಟ್ಟಿಗೇ.

ಮಾಡಲೇಬೇಕೆಂದಿದ್ದರೆ

ಮೊದಲು ಒಂದು ಸ್ಪಷ್ಟ ಮಾತು. ಇಂದು ಲ್ಯಾಪ್‌ಟಾಪ್‌ನಲ್ಲಿ ಸ್ಟ್ರೈಪ್ ಮಾಡುವ ಅಗತ್ಯ ಹೆಚ್ಚಿನವರಿಗೆ ಇಲ್ಲ. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಈಗ ಎಲ್ಲ ಕಡೆ ಸಿಗುತ್ತದೆ. ಸಾಟಾ ಕೇಬಲ್‌ನ ಜಾಗದಲ್ಲಿ ಕೂರುವ ಸಾಮಾನ್ಯ ಎಸ್‌ಎಸ್‌ಡಿ ಸೆಕೆಂಡಿಗೆ 500 ಎಂಬಿಯಷ್ಟು ಓದುತ್ತದೆ. ಎನ್‌ವಿಎಂಇ ಎಂಬ ತೆಳುವಾದ ಪಟ್ಟಿಯಂಥದ್ದು 3000 ಎಂಬಿಯನ್ನೂ ದಾಟುತ್ತದೆ. ಎರಡು ಹಳೆಯ ಡಿಸ್ಕ್ ಸೇರಿಸಿ ಪಡೆಯುವ ವೇಗಕ್ಕಿಂತ ಒಂದು ಎಸ್‌ಎಸ್‌ಡಿಯ ವೇಗವೇ ಹೆಚ್ಚು. ಎರಡು ಜಾಗವಿದ್ದರೆ ಒಂದರಲ್ಲಿ ಎಸ್‌ಎಸ್‌ಡಿ ಹಾಕಿ ಕೆಲಸ ಮಾಡಿ, ಇನ್ನೊಂದರಲ್ಲಿ ಸಾದಾ ಡಿಸ್ಕ್ ಹಾಕಿ ಮುಗಿದ ಕೆಲಸ ಇಡಿ. ಒಂದು ಕೆಟ್ಟರೆ ಒಂದೇ ಕೆಡುತ್ತದೆ.

ಆದರೂ ಕೆಲವರ ಬಳಿ ಹಳೆಯ ಲ್ಯಾಪ್‌ಟಾಪ್ ಇದೆ, ಸ್ಟ್ರೈಪ್ ಮಾಡಿಯಾಗಿದೆ, ಅಥವಾ ಮಾಡುವ ಅಗತ್ಯವಿದೆ. ಅವರಿಗಾಗಿ ಕ್ರಮವಾಗಿ ಹೇಳುತ್ತೇನೆ.

ಒಂದು, ಜೋಡಣೆ ಮಾಡುವ ಮೊದಲೇ ಎರಡೂ ಡಿಸ್ಕ್‌ಗಳಲ್ಲಿರುವುದನ್ನು ಹೊರಗಿನ ಡಿಸ್ಕ್‌ಗೆ ನಕಲು ಮಾಡಿ. ಜೋಡಿಸುವಾಗ ಎರಡರಲ್ಲಿರುವುದೂ ಅಳಿದುಹೋಗುತ್ತದೆ. ವಿಂಡೋಸ್ ಬಿಟ್‌ಲಾಕರ್‌ನಿಂದ ಬೀಗ ಹಾಕಿದ್ದರೆ ಅದರ ರಿಕವರಿ ಕೀ, ಅಂದರೆ 48 ಅಂಕಿಗಳ ಸಂಖ್ಯೆಯನ್ನು, ಕಾಗದದಲ್ಲಿ ಬರೆದಿಟ್ಟುಕೊಳ್ಳಿ.

ಎರಡು, ಎರಡು ಡಿಸ್ಕ್‌ಗಳೂ ಒಂದೇ ಅಳತೆಯವಾಗಿರಲಿ. ಒಂದು 500, ಇನ್ನೊಂದು 320 ಇದ್ದರೆ ಜೋಡಣೆಗೆ ಸಿಗುವುದು 320ರ ದುಪ್ಪಟ್ಟು, 640 ಮಾತ್ರ. ಎಸ್.ಪಿ. ರಸ್ತೆಯಲ್ಲಿ ಅಗ್ಗವಾಗಿ ಸಿಕ್ಕಿತೆಂದು ಬಳಸಿದ ಡಿಸ್ಕ್ ತಂದು ಈ ಕೆಲಸಕ್ಕೆ ಹಾಕಬೇಡಿ. ಇಬ್ಬರಲ್ಲಿ ದುರ್ಬಲನಾದವನ ಆಯುಷ್ಯವೇ ಈ ಜೋಡಿಯ ಆಯುಷ್ಯ.

ಮೂರು, ಲ್ಯಾಪ್‌ಟಾಪ್ ಆನ್ ಮಾಡಿದ ಕೂಡಲೇ ಬಯಾಸ್ ಸೆಟಪ್‌ಗೆ ಹೋಗಿ. ಅಲ್ಲಿ ಡಿಸ್ಕ್‌ನ ಮೋಡ್ ಎಎಚ್‌ಸಿಐ ಎಂದಿರುತ್ತದೆ. ಅದನ್ನು ರೇಡ್ ಎಂದು ಬದಲಿಸಬೇಕು. ಎಲ್ಲ ಲ್ಯಾಪ್‌ಟಾಪ್‌ಗಳಲ್ಲಿ ಈ ಆಯ್ಕೆ ಇರುವುದಿಲ್ಲ. ಇಲ್ಲದಿದ್ದರೆ ಆಸೆ ಬಿಡಿ. ವಿಂಡೋಸ್ ಈಗಾಗಲೇ ಹಾಕಿರುವ ಯಂತ್ರದಲ್ಲಿ ಇದನ್ನು ಸುಮ್ಮನೆ ಬದಲಿಸಿ ನೋಡಬೇಡಿ, ವಿಂಡೋಸ್ ಏಳದೆ ಹೋಗಬಹುದು.

ನಾಲ್ಕು, ಇಂಟೆಲ್ ಚಿಪ್ ಇರುವ ಹಳೆಯ ಯಂತ್ರಗಳಲ್ಲಿ ಆನ್ ಆಗುವಾಗ ಕಂಟ್ರೋಲ್ ಮತ್ತು ಐ ಕೀ ಒಟ್ಟಿಗೆ ಒತ್ತಿದರೆ ಜೋಡಣೆಯ ಪುಟ ಬರುತ್ತದೆ. ಹೊಸತರಲ್ಲಿ ಅದು ಸೆಟಪ್‌ನ ಒಳಗೇ ಇದೆ. ಅಲ್ಲಿ ರೇಡ್ 0 ಆರಿಸಿ, ಎರಡೂ ಡಿಸ್ಕ್ ಗುರುತಿಸಿ, ಪಟ್ಟಿಯ ಅಳತೆ ಕೊಡಿ. ಏನು ಕೊಡಬೇಕೆಂದು ತೋಚದಿದ್ದರೆ ಅದು ತಾನಾಗಿ ತೋರಿಸುವ ಅಳತೆಯನ್ನೇ ಬಿಡಿ.

ಐದು, ವಿಂಡೋಸ್ ಹಾಕುವಾಗ ಡಿಸ್ಕ್ ಕಾಣದಿದ್ದರೆ ಹೆದರಬೇಡಿ. ಲ್ಯಾಪ್‌ಟಾಪ್ ಕಂಪೆನಿಯ ರೇಡ್ ಡ್ರೈವರ್ ಅನ್ನು ಪೆನ್ ಡ್ರೈವ್‌ನಲ್ಲಿ ಇಟ್ಟುಕೊಂಡು "ಲೋಡ್ ಡ್ರೈವರ್" ಎಂಬಲ್ಲಿ ಒತ್ತಿ ತೋರಿಸಿ. ಈ ಪೆನ್ ಡ್ರೈವ್ ಅನ್ನು ಎಸೆಯಬೇಡಿ. ಮುಂದೆ ಬ್ಯಾಕಪ್‌ನಿಂದ ಮರಳಿಸುವ ದಿನ ಅದು ಮತ್ತೆ ಬೇಕಾಗುತ್ತದೆ.

ಆರು, ಡಿಸ್ಕ್‌ಗಳ ಮೇಲೆ 0 ಮತ್ತು 1 ಎಂದು ಚೀಟಿ ಅಂಟಿಸಿ, ಯಾವುದು ಯಾವ ಜಾಗದಲ್ಲಿತ್ತೆಂದು ಬರೆದಿಡಿ. ಪಟ್ಟಿಯ ಅಳತೆಯನ್ನೂ ಬರೆಯಿರಿ.

ಇನ್ನೊಂದು ವಿಷಯ ಅನೇಕರಿಗೆ ಗೊತ್ತಿಲ್ಲ. ಬಯಾಸ್‌ನ ಚಿಕ್ಕ ಬ್ಯಾಟರಿ ಮುಗಿದರೆ ಅಥವಾ ಯಾರಾದರೂ ಸೆಟ್ಟಿಂಗ್‌ಗಳನ್ನು ಮೊದಲಿನಂತೆ ಮಾಡಿದರೆ ರೇಡ್ ಮೋಡ್ ಅಳಿಸಿಹೋಗಬಹುದು. ಆಗ ವಿಂಡೋಸ್ ಏಳುವುದಿಲ್ಲ, ಎರಡು ಡಿಸ್ಕ್‌ಗಳೂ ಬೇರೆ ಬೇರೆಯಾಗಿ ಖಾಲಿಯಂತೆ ಕಾಣುತ್ತವೆ. ಬೇರೆ ಕಂಪ್ಯೂಟರ್‌ಗೆ ಸಿಕ್ಕಿಸಿದರೆ "ಇನಿಷಿಯಲೈಸ್ ಮಾಡಲೇ?" ಎಂದು ಅದು ಕೇಳುತ್ತದೆ. ಹೌದು ಎಂದು ಒತ್ತಲೇಬೇಡಿ. ಬಯಾಸ್‌ನಲ್ಲಿ ಮತ್ತೆ ರೇಡ್ ಎಂದು ಇಟ್ಟರೆ ಸಾಮಾನ್ಯವಾಗಿ ಎಲ್ಲವೂ ಮರಳಿ ಕಾಣುತ್ತದೆ. ಲ್ಯಾಪ್‌ಟಾಪ್‌ನ ಬೋರ್ಡ್ ಸುಟ್ಟು ಎರಡು ಡಿಸ್ಕ್‌ಗಳೂ ಸರಿಯಿದ್ದರೂ ದಾರಿಯಿದೆ. ಜೋಡಣೆಯ ಗುರುತು ಡಿಸ್ಕ್‌ಗಳಲ್ಲೇ ಬರೆದಿರುತ್ತದೆ. ಅದೇ ಬಗೆಯ ಇಂಟೆಲ್ ರೇಡ್ ಇರುವ ಇನ್ನೊಂದು ಯಂತ್ರ ಅದನ್ನು ಗುರುತಿಸಬಹುದು. ಲಿನಕ್ಸ್‌ನ ಎಂಡಿಎಡಿಎಂ ಎಂಬ ಸಾಧನಕ್ಕೂ ಅದನ್ನು ಓದಲು ಬರುತ್ತದೆ.

ಬ್ಯಾಕಪ್ ಹೇಗೆ?

ಒಳ್ಳೆಯ ಸುದ್ದಿ ಏನೆಂದರೆ, ವಿಂಡೋಸ್ ನಡೆಯುತ್ತಿರುವಾಗ ಈ ಜೋಡಿ ಅದಕ್ಕೆ ಒಂದೇ ಡಿಸ್ಕ್‌ನಂತೆ ಕಾಣುತ್ತದೆ. ಆದುದರಿಂದ ಬೇರೆ ಯಾವ ಲ್ಯಾಪ್‌ಟಾಪ್‌ನಂತೆಯೇ ಇದನ್ನೂ ಬ್ಯಾಕಪ್ ಮಾಡಬಹುದು. ಆದರೆ ಒಂದು ಡಿಸ್ಕ್ ಬಿಚ್ಚಿ ಅದನ್ನು ಮಾತ್ರ ನಕಲು ಮಾಡಿಟ್ಟುಕೊಂಡರೆ ಅದು ಬ್ಯಾಕಪ್ ಅಲ್ಲ. ಅದು ಆ ಪತ್ರದ ಒಂದು ಹಾಳೆಯ ಜೆರಾಕ್ಸ್ ಅಷ್ಟೆ.

ಬ್ಯಾಕಪ್‌ನಲ್ಲಿ ಎರಡು ಬಗೆ. ಮೊದಲನೆಯದು ಫೈಲ್‌ಗಳ ನಕಲು. ಫೋಟೋ, ವೀಡಿಯೋ, ಕಾಗದಪತ್ರಗಳನ್ನು ಹೊರಗಿನ ಡಿಸ್ಕ್‌ಗೆ ಪ್ರತಿ ಮಾಡುವುದು. ವಿಂಡೋಸ್‌ನ ಫೈಲ್ ಹಿಸ್ಟರಿ ಇದನ್ನು ತಾನಾಗಿಯೇ ಮಾಡುತ್ತದೆ. ಈ ಪ್ರತಿಯನ್ನು ಯಾವ ಕಂಪ್ಯೂಟರ್‌ನಲ್ಲಾದರೂ ತೆರೆಯಬಹುದು. ಎರಡನೆಯದು ಇಡೀ ಡಿಸ್ಕ್‌ನ ಚಿತ್ರ, ಅಂದರೆ ಸಿಸ್ಟಮ್ ಇಮೇಜ್. ವಿಂಡೋಸ್, ಸಾಫ್ಟ್‌ವೇರ್, ಸೆಟ್ಟಿಂಗ್ ಎಲ್ಲವೂ ಅದರಲ್ಲಿರುತ್ತವೆ. ವಿಂಡೋಸ್‌ನ ಒಳಗೇ ಇದಕ್ಕೊಂದು ಹಳೆಯ ಸೌಲಭ್ಯವಿದೆ, ಆದರೆ ಅದನ್ನು ಇನ್ನು ಬೆಳೆಸುವುದಿಲ್ಲ ಎಂದು ಮೈಕ್ರೋಸಾಫ್ಟ್ 2017ರಲ್ಲೇ ಹೇಳಿದೆ. ಅದರಲ್ಲೊಂದು ತೊಡಕೂ ಇದೆ. ಸಾವಿರ ಜಿಬಿಯ ಜೋಡಿಯಿಂದ ತೆಗೆದ ಇಮೇಜನ್ನು, ಒಳಗೆ 200 ಜಿಬಿ ಮಾತ್ರ ತುಂಬಿದ್ದರೂ, 500 ಜಿಬಿಯ ಒಂಟಿ ಡಿಸ್ಕ್‌ಗೆ ಮರಳಿಸಲು ಅದು ಒಪ್ಪುವುದಿಲ್ಲ. ಒಂದು ಡಿಸ್ಕ್ ಸತ್ತು ಇನ್ನೊಂದೇ ಉಳಿದವನ ಪಾಡು ಆಗ ಏನು? ಆದುದರಿಂದ ಇಮೇಜ್ ಇದ್ದರೂ ಫೈಲ್‌ಗಳ ನಕಲು ಬೇಕೇ ಬೇಕು. ಎರಡರಲ್ಲಿ ಒಂದನ್ನೇ ಮಾಡಲು ಸಮಯವಿದ್ದರೆ ಫೈಲ್‌ಗಳನ್ನು ನಕಲು ಮಾಡಿ. ವಿಂಡೋಸ್ ಮತ್ತೆ ಸಿಗುತ್ತದೆ, ಅಮ್ಮಿಯ ಫೋಟೋ ಸಿಗುವುದಿಲ್ಲ.

ಎಷ್ಟು ಹೊತ್ತು ಬೇಕು? 400 ಜಿಬಿ ಇದ್ದರೆ, ಹಳೆಯ ಯುಎಸ್‌ಬಿ 2 ಜಾಗದಲ್ಲಿ ಸೆಕೆಂಡಿಗೆ 30 ಎಂಬಿಯಂತೆ ಸುಮಾರು ಮೂರೂಮುಕ್ಕಾಲು ಗಂಟೆ. ಯುಎಸ್‌ಬಿ 3 ಜಾಗದಲ್ಲಿ 100 ಎಂಬಿಯಂತೆ ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು. ರಾತ್ರಿ ಮಲಗುವಾಗ ಹಚ್ಚಿಟ್ಟರೆ ಫಜ್ರ್‌ಗೆ ಏಳುವಾಗ ಮುಗಿದಿರುತ್ತದೆ. ಎರಡನೆಯ ಸಲದಿಂದ ಹೊಸತಾಗಿ ಸೇರಿದ್ದನ್ನು ಮಾತ್ರ ನಕಲು ಮಾಡಿದರೆ ಸಾಕು, ಕೆಲವೇ ನಿಮಿಷ.

ಮುಗಿದ ಮೇಲೆ ಆ ಡಿಸ್ಕನ್ನು ಕಿತ್ತು ಕಪಾಟಿನಲ್ಲಿಡಿ. ಸಿಕ್ಕಿಸಿಕೊಂಡೇ ಬಿಡಬೇಡಿ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ದುಷ್ಟ ಪ್ರೋಗ್ರಾಮ್ ಜಗತ್ತಿನಾದ್ಯಂತ ಕಂಪ್ಯೂಟರ್‌ಗಳ ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳಿತು. ಇಂಥವು ಆ ಹೊತ್ತಿಗೆ ಸಿಕ್ಕಿಸಿರುವ ಹೊರಗಿನ ಡಿಸ್ಕನ್ನೂ ಬಿಡುವುದಿಲ್ಲ.

ಕಲ್ಲಿನ ಪ್ರತಿ, ಪುಸ್ತಕದ ಪ್ರತಿ

ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಮನೆಯಿಂದ ಹೊರಗೆ. ಈ 3-2-1 ನಿಯಮವನ್ನು ಜನಪ್ರಿಯಗೊಳಿಸಿದವರು ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋ. ಆದರೆ ನಾನು ಬಿ.ಎ.ಯಲ್ಲಿ ಇತಿಹಾಸ ಓದಿದವನು. ಈ ನಿಯಮ ಕೇಳಿದಾಗ ನನಗೆ ನೆನಪಾದದ್ದು ನಮ್ಮ ದೊಮ್ಮಲೂರೇ.

ಇಲ್ಲಿನ ಚೊಕ್ಕನಾಥಸ್ವಾಮಿ ದೇವಸ್ಥಾನದಲ್ಲಿ ನೂರಾರು ವರ್ಷ ಹಳೆಯ ತಮಿಳು ಶಾಸನಗಳಿವೆ. ಅವುಗಳಲ್ಲಿ ನಮ್ಮ ಊರಿನ ಹೆಸರು ತೊಂಬಲೂರು ಎಂದಿದೆ. ಬೆಂಗಳೂರಿನಲ್ಲೇ ಹುಟ್ಟಿದ ಬಿ.ಎಲ್. ರೈಸ್ ಈ ಜಿಲ್ಲೆಯ ಊರೂರುಗಳ ಶಾಸನಗಳನ್ನು ನಕಲು ಮಾಡಿಸಿ, 1905ರಲ್ಲಿ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಒಂಬತ್ತನೆಯ ಸಂಪುಟವಾಗಿ ಅಚ್ಚು ಹಾಕಿಸಿದರು. ಆಮೇಲೆ ನಗರ ಬೆಳೆಯಿತು. ರಸ್ತೆ, ಕಟ್ಟಡಗಳ ನಡುವೆ ಎಷ್ಟೋ ಕಲ್ಲುಗಳು ಕಾಣೆಯಾದವು. ಆದರೆ ಆ ಕಲ್ಲುಗಳಲ್ಲಿ ಏನು ಬರೆದಿತ್ತೆಂಬುದು ನಮಗೆ ಇಂದೂ ಗೊತ್ತು, ಪುಸ್ತಕದಲ್ಲಿ ಪ್ರತಿ ಇರುವುದರಿಂದ. 2021ರಿಂದ ಮಿಥಿಕ್ ಸೊಸೈಟಿಯವರು ಉಳಿದಿರುವ ಶಾಸನಗಳನ್ನು ತ್ರಿಡಿ ಸ್ಕ್ಯಾನ್ ಮಾಡಿ ಕಂಪ್ಯೂಟರ್‌ಗೂ ಸೇರಿಸುತ್ತಾ ಬಂದಿದ್ದಾರೆ. ಕಲ್ಲು, ಕಾಗದ, ಕಂಪ್ಯೂಟರ್. ಗಟ್ಟಿಯಾದ ಕಲ್ಲಿಗೇ ಪ್ರತಿ ಬೇಕಾದರೆ ನಮ್ಮ ತೆಳುವಾದ ಡಿಸ್ಕ್‌ಗೆ ಬೇಡವೇ?

ಮನೆಗೆ ಇದನ್ನು ಅನ್ವಯಿಸುವುದು ಕಷ್ಟವಲ್ಲ. ಲ್ಯಾಪ್‌ಟಾಪ್‌ನಲ್ಲಿ ಇರುವುದು ಒಂದು ಪ್ರತಿ. ಕಪಾಟಿನ ಹೊರ ಡಿಸ್ಕ್‌ನಲ್ಲಿ ಎರಡನೆಯದು. ಮೂರನೆಯದು ತಂಗಿಯ ಮನೆಯಲ್ಲೋ ಮಾವನ ಮನೆಯಲ್ಲೋ ಇಟ್ಟ ಇನ್ನೊಂದು ಡಿಸ್ಕ್ ಅಥವಾ ಇಂಟರ್‌ನೆಟ್‌ನ ಕ್ಲೌಡ್. 2022ರ ಸೆಪ್ಟೆಂಬರ್‌ನ ಮಳೆಯಲ್ಲಿ ಬೆಳ್ಳಂದೂರು, ಹೊರವರ್ತುಲ ರಸ್ತೆಯ ಸುತ್ತಮುತ್ತ ಮನೆಗಳಿಗೆ ನೀರು ನುಗ್ಗಿ ಜನರನ್ನು ದೋಣಿಯಲ್ಲಿ ಕರೆತಂದದ್ದು ನಿಮಗೆ ನೆನಪಿರಬಹುದು. ಅಂತಹ ದಿನ ಲ್ಯಾಪ್‌ಟಾಪ್ ಮತ್ತು ಕಪಾಟು ಒಂದೇ ನೀರಿನಲ್ಲಿ ನೆನೆಯುತ್ತವೆ.

ಇಟ್ಟರೆ ಸಾಲದು, ತೆರೆದು ನೋಡಬೇಕು. 1998ರಲ್ಲಿ ಪಿಕ್ಸಾರ್ ಕಂಪೆನಿಯಲ್ಲಿ 'ಟಾಯ್ ಸ್ಟೋರಿ 2' ಚಿತ್ರ ತಯಾರಾಗುತ್ತಿದ್ದಾಗ ಯಾರೋ ತಪ್ಪಾಗಿ ಕೊಟ್ಟ ಒಂದು ಆಜ್ಞೆಯಿಂದ ಚಿತ್ರದ ಬಹುಪಾಲು ಫೈಲ್‌ಗಳು ಅಳಿಸಿಹೋದವು. ಬ್ಯಾಕಪ್ ಇದೆಯಲ್ಲ ಎಂದು ನೋಡಿದರೆ ಅದು ಸರಿಯಾಗಿ ಬರೆದೇ ಇರಲಿಲ್ಲ. ಕೊನೆಗೆ ಅವರನ್ನು ಕಾಪಾಡಿದ್ದು ಗ್ಯಾಲಿನ್ ಸುಸ್ಮನ್ ಎಂಬ ತಾಂತ್ರಿಕ ನಿರ್ದೇಶಕಿ. ಹಸುಗೂಸಿನ ತಾಯಿಯಾದ ಆಕೆ ಮನೆಯಿಂದಲೇ ಕೆಲಸ ಮಾಡಲೆಂದು ಚಿತ್ರದ ಒಂದು ಪ್ರತಿಯನ್ನು ಮನೆಯ ಕಂಪ್ಯೂಟರ್‌ನಲ್ಲಿ ಇಟ್ಟುಕೊಂಡಿದ್ದರು. ದೊಡ್ಡ ಕಂಪೆನಿಯ ವ್ಯವಸ್ಥೆ ಕೈಕೊಟ್ಟಾಗ ಒಬ್ಬ ತಾಯಿಯ ಮನೆಯಲ್ಲಿದ್ದ ಪ್ರತಿ ಕೆಲಸಕ್ಕೆ ಬಂತು. ಆದುದರಿಂದ ತಿಂಗಳಿಗೊಮ್ಮೆ ಹೊರ ಡಿಸ್ಕ್ ಸಿಕ್ಕಿಸಿ, ಅಲ್ಲೊಂದು ಇಲ್ಲೊಂದು ಫೈಲ್ ತೆರೆದು ನೋಡಿ. ಮರಳಿ ತೆರೆದು ನೋಡದ ಬ್ಯಾಕಪ್ ಎಣಿಸದ ಹಣದಂತೆ.

ಮತ್ತೆ ಆ ಹುಡುಗ

ಜೋಡಿಯ ಎರಡು ಡಿಸ್ಕ್‌ಗಳನ್ನೂ ಮಾಹಿತಿ ಮರಳಿ ತೆಗೆಯುವವರ ಬಳಿಗೆ ಕೊಂಡೊಯ್ದೆವು. ಸತ್ತ ಡಿಸ್ಕ್‌ನ ಒಳಗಿನ ತಟ್ಟೆಯೇ ಗೀರುಬಿದ್ದಿದೆ, ಆಗುವುದಿಲ್ಲ ಎಂದರು. ಅದರಲ್ಲಿ ಮೂರು ಮದುವೆಗಳ ವೀಡಿಯೋ ಇತ್ತು. ಎರಡು ಮದುವೆಗಳದ್ದು ಕ್ಯಾಮೆರಾದ ಕಾರ್ಡ್‌ಗಳಲ್ಲಿ ಅದೃಷ್ಟಕ್ಕೆ ಹಾಗೇ ಉಳಿದಿತ್ತು. ಮೂರನೆಯದರ ಕಾರ್ಡ್‌ಗಳನ್ನು ಅವನು ಅಳಿಸಿ ಬೇರೆಡೆ ಬಳಸಿಬಿಟ್ಟಿದ್ದ. ಆ ಮನೆಯ ಕಥೆಯೇ ಅವನನ್ನು ಅಳಿಸುತ್ತಿದ್ದುದು. ಮದುವೆಯಾಗಿ ಮೂರು ವಾರಕ್ಕೆ ಹುಡುಗಿಯ ತಂದೆ ಹೃದಯಾಘಾತದಿಂದ ತೀರಿಕೊಂಡಿದ್ದರು. ಅವರ ಕೊನೆಯ ವೀಡಿಯೋ ಅದೇ.

"ಲ್ಯಾಪ್‌ಟಾಪ್ ಕಳುವಾಯಿತು ಅಂತ ಹೇಳಿಬಿಡು ಅಂತ ಗೆಳೆಯರು ಹೇಳುತ್ತಿದ್ದಾರೆ ಹಜ್ರತ್" ಎಂದ.

"ಅವರು ನಿನ್ನ ಕೈಗೆ ಕೊಟ್ಟದ್ದು ಅಮಾನತ್ ಕಣಪ್ಪ. ಅಮಾನತ್ ಕಳೆದುಹೋದ ಮೇಲೆ ಸುಳ್ಳನ್ನೂ ಸೇರಿಸಿದರೆ ಎರಡು ತಪ್ಪು. ನಡಿ, ನಾನೂ ಬರುತ್ತೇನೆ" ಎಂದೆ.

ಕೆ.ಆರ್. ಪುರದ ಆ ಮನೆಯಲ್ಲಿ ಅವನು ಮುಚ್ಚುಮರೆಯಿಲ್ಲದೆ ಎಲ್ಲವನ್ನೂ ಹೇಳಿದ. ಮುಂಗಡ ಹಣವನ್ನು ಮೇಜಿನ ಮೇಲಿಟ್ಟ. ಹುಡುಗಿಯ ತಾಯಿ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಣ ತೆಗೆದುಕೊಂಡು ಹೋಗು ಬೇಟಾ. ಮಗಳನ್ನು ಕಳಿಸಿಕೊಡುವಾಗ ಅವರು ಏನೋ ಹೇಳಿದರು. ಗದ್ದಲದಲ್ಲಿ ನನಗೆ ಕೇಳಿಸಲಿಲ್ಲ. ವೀಡಿಯೋದಲ್ಲಿ ಕೇಳಿಸಿಕೊಳ್ಳೋಣ ಅಂದುಕೊಂಡಿದ್ದೆ" ಎಂದರು. ಇಷ್ಟೇ. ಅವರು ಬೈದಿದ್ದರೆ ಅವನಿಗೂ ನನಗೂ ಹಗುರವಾಗುತ್ತಿತ್ತು.

ಆ ವಾರವಿಡೀ ಹುಡುಗ ಆ ಮದುವೆಗೆ ಬಂದಿದ್ದ ಒಬ್ಬೊಬ್ಬರ ಮನೆಗೆ ಅಲೆದು ಮೊಬೈಲ್‌ಗಳಲ್ಲಿದ್ದ ತುಣುಕುಗಳನ್ನು ಕೂಡಿಹಾಕಿದ. ಹನ್ನೆರಡು ನಿಮಿಷದಷ್ಟು ಸಿಕ್ಕಿತು. ಒಂದರಲ್ಲಿ ಆ ತಂದೆ ಬಿರಿಯಾನಿಯ ದೇಗಿನ ಪಕ್ಕ ನಿಂತು ನಗುತ್ತಿದ್ದಾರೆ. ಮಗಳಿಗೆ ಹೇಳಿದ ಮಾತು ಯಾವುದರಲ್ಲೂ ಇಲ್ಲ. ಸಿಕ್ಕಿದ್ದನ್ನು ಮೂರು ಪ್ರತಿ ಮಾಡಿ ಕೊಟ್ಟು ಬಂದ. ಈಗ ಮದುವೆ ಮುಗಿದ ರಾತ್ರಿಯೇ ಎರಡು ಹೊರ ಡಿಸ್ಕ್‌ಗಳಿಗೆ ನಕಲು ಮಾಡುತ್ತಾನೆ. ಒಂದು ನಮ್ಮ ಮನೆಯ ಕಪಾಟಿನಲ್ಲಿರುತ್ತದೆ. ಮನೆಯವರಿಗೆ ವೀಡಿಯೋ ತಲುಪುವವರೆಗೆ ಕಾರ್ಡ್ ಅಳಿಸುವುದಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಒಂದೇ ಎಸ್‌ಎಸ್‌ಡಿ ಇದೆ.

ಅವನಿಗೆ ಬುದ್ಧಿ ಹೇಳಿ ಮನೆಗೆ ಬಂದ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನ್ನ ಅಬ್ಬಾ ತೀರಿಕೊಂಡು ಒಂಬತ್ತು ವರ್ಷವಾಯಿತು. ಅವರ ಧ್ವನಿ ಇದ್ದುದು ನನ್ನ ಹಳೆಯ ಒಂದು ಮೊಬೈಲ್‌ನಲ್ಲಿ ಮಾತ್ರ. ಎದ್ದು ಡ್ರಾಯರ್ ಎಳೆದು ಚಾರ್ಜಿಗೆ ಹಾಕಿದೆ. ಬಹಳ ಹೊತ್ತು ಪರದೆ ಕಪ್ಪಾಗಿಯೇ ಇತ್ತು. ಕೊನೆಗೆ ಬೆಳಗಿತು. ಬೆಳಗಾಗುವುದರೊಳಗೆ ಮೂರು ಕಡೆ ಪ್ರತಿ ಮಾಡಿದೆ.

ಓದುಗರೇ, ನಿಮ್ಮ ಮನೆಯಲ್ಲೂ ಒಂದೇ ಕಡೆ ಇರುವ ಇಂತಹ ಏನೋ ಒಂದು ಖಂಡಿತ ಇದೆ. ಸಂಚಿಕೆಯ ಮುಂದಿನ ಪುಟ ಆಮೇಲೆ ಓದಿದರಾಯಿತು, ಮೊದಲು ಎದ್ದು ಅದನ್ನು ಹುಡುಕಿ.